ಪೋರ್ಟೊದಲ್ಲಿ ಹೊಳೆ ದಾಟಿದ ಯುದ್ಧವನ್ನು ನಡೆದು ನೋಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ರಿಬೈರಾ ದಂಡೆಯಿಂದ ಶುರು ಮಾಡಬೇಡಿ.

ಪೋರ್ಚುಗಲ್ಲಿನ ಪೋರ್ಟೊಗೆ ಬಂದವರೆಲ್ಲ ಮೊದಲು ಅಲ್ಲಿಗೇ ಹೋಗುತ್ತಾರೆ. ಬಣ್ಣದ ಮನೆಗಳು, ಹೊಳೆ, ದೊಡ್ಡ ಕಬ್ಬಿಣದ ಸೇತುವೆ, ಫೋಟೋ. ನಾನೂ ಹಾಗೇ ಮಾಡಿದ್ದೆ. ಕೆಲಸಕ್ಕೆಂದು ಈ ಊರಿಗೆ ಬಂದ ಮೊದಲ ವರ್ಷ, ಒಬ್ಬ ಗೈಡ್ ಹಿಂದೆ ಹತ್ತು ಜನರ ಗುಂಪಿನಲ್ಲಿ ನಿಂತಿದ್ದೆ. ಆತ ಸೇತುವೆಗೆ ಕೈ ತೋರಿಸಿ, 1809ರಲ್ಲಿ ಬ್ರಿಟಿಷ್ ಜನರಲ್ ವೆಲ್ಲೆಸ್ಲಿ ಫ್ರೆಂಚರ ಮೇಲೆ ಹೊಳೆ ದಾಟಿ ಬಂದದ್ದು ಇಲ್ಲೇ ಅಂದ. ನಾನು ತಲೆಯಾಡಿಸಿದೆ. ಮುಂದಿನ ವರ್ಷ ಭಾವ ಬಂದಾಗ ಅದೇ ಜಾಗದಲ್ಲಿ ನಿಂತು ಅದೇ ಮಾತನ್ನು ದೊಡ್ಡ ಗಂಟಲಲ್ಲಿ ಹೇಳಿದೆ. ಭಾವ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವರು. ಎದುರು ದಂಡೆ ನೋಡಿದರು, ಈ ದಂಡೆ ನೋಡಿದರು. "ಇಲ್ಲಿ ದಾಟಿದರೆ ಫ್ರೆಂಚರು ಕಣ್ಣು ಮುಚ್ಚಿಕೊಂಡು ಕೂತಿದ್ದರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ದಾರಿ ತಯಾರಾಯಿತು. ಈಗ ಊರಿನಿಂದ ಯಾರು ಬಂದರೂ ಇದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಅರ್ಧ ದಿನ ಸಾಕು.

ಹೊರಡುವ ಮೊದಲು ಕಥೆಯನ್ನು ಇಷ್ಟು ತಿಳಿದುಕೊಳ್ಳಿ. 1809ರ ಮಾರ್ಚ್ 29ಕ್ಕೆ ನೆಪೋಲಿಯನ್ನನ ಮಾರ್ಷಲ್ ಸುಲ್ಟ್ ಪೋರ್ಟೊ ಹಿಡಿದ. ಏಪ್ರಿಲ್ 22ಕ್ಕೆ ಆರ್ಥರ್ ವೆಲ್ಲೆಸ್ಲಿ ಲಿಸ್ಬನ್‌ನಲ್ಲಿ ಇಳಿದ. ಅಲ್ಲಿಂದ ಉತ್ತರಕ್ಕೆ ಬಂದು, ಮೇ 11ಕ್ಕೆ ಗ್ರಿಜೊ ಹತ್ತಿರ ಫ್ರೆಂಚರನ್ನು ಹಿಂದಕ್ಕೆ ತಳ್ಳಿದ. ಅವತ್ತು ರಾತ್ರಿ ಫ್ರೆಂಚರು ಹೊಳೆ ದಾಟಿ ಊರೊಳಗೆ ಹೋದರು. ದೋಣಿಗಳನ್ನು ಜೋಡಿಸಿ ಕಟ್ಟಿದ್ದ ತೇಲು ಸೇತುವೆಯನ್ನು ಒಡೆದು ಹಾಕಿದರು. ಸಿಕ್ಕ ದೋಣಿಗಳನ್ನೆಲ್ಲ ಉತ್ತರ ದಂಡೆಗೆ ಎಳೆದುಕೊಂಡರು. ನಡುವೆ ದೋರು ಹೊಳೆ. ನಮ್ಮ ಶಾಲಾ ಪುಸ್ತಕದ ಡೌರೋವನ್ನು ಇಲ್ಲಿಯವರು ಕರೆಯುವುದು ಹಾಗೆ. ಅಗಲ ಇನ್ನೂರು ಮೀಟರಿಗಿಂತ ಜಾಸ್ತಿ, ದಂಡೆ ಎರಡೂ ಕಡೆ ಕಡಿದು ಇಟ್ಟಂತಿದೆ. ಇನ್ನು ಬಂದರೆ ಸಮುದ್ರದ ಕಡೆಯಿಂದಲೇ ಬರಬೇಕು ಅಂದುಕೊಂಡು ಸುಲ್ಟ್ ಪಶ್ಚಿಮಕ್ಕೆ ಕಾವಲು ಹಾಕಿಸಿದ. ಪೂರ್ವದ ಕಡೆ ತಲೆ ಕೆಡಿಸಿಕೊಳ್ಳಲಿಲ್ಲ. ಮೇ 12ರ ಮಧ್ಯಾಹ್ನದ ಹೊತ್ತಿಗೆ ಊರು ಅವನ ಕೈಬಿಟ್ಟಿತ್ತು.

ಹೇಗೆ ಬಿಟ್ಟಿತು ಅನ್ನೋದನ್ನು ಮನೆಯಲ್ಲೇ ಒಂದು ಸಲ ಮಾಡಿ ನೋಡಿ. ಇದು ಮಕ್ಕಳಾಟ ಅನಿಸಬಹುದು, ಆದರೂ ಬಿಡಬೇಡಿ. ಊಟದ ದೊಡ್ಡ ತಟ್ಟೆಯಲ್ಲಿ ಒಂದು ಪಾವು ರವೆ ಹರಡಿ. ಬಲಗಡೆ ಕೆಳಗಿನ ಮೂಲೆಯಿಂದ ಬೆರಳಿಟ್ಟು ಮೇಲಕ್ಕೆ ಎಳೆಯಿರಿ. ತಟ್ಟೆಯ ನಡುವಿಗೆ ಬಂದಾಗ ಎಡಕ್ಕೆ ತಿರುಗಿಸಿ ಅಂಚಿನವರೆಗೆ ಒಯ್ಯಿರಿ. ಅದೇ ಹೊಳೆ. ಮೇಲಿನದು ಪೋರ್ಟೊ, ಕೆಳಗಿನದು ದಕ್ಷಿಣ ದಂಡೆಯ ಗಾಯಾ ಊರು. ಈಗ ಹೊಳೆ ತಿರುಗುವ ಮೊಣಕೈಯ ಒಳಗೆ, ಕೆಳಗಿನ ದಂಡೆಯಲ್ಲಿ, ಎರಡು ಹಿಡಿ ರವೆ ಗುಡ್ಡೆ ಹಾಕಿ. ಅದು ಸೆರಾ ದು ಪಿಲಾರ್ ಗುಡ್ಡ. ಎದುರು ದಂಡೆಯನ್ನೂ ಉದ್ದಕ್ಕೆ ಒಂದು ಬೆರಳೆತ್ತರ ಏರಿಸಿ. ಊರಿನ ಕಡೆ, ಎಡಗಡೆ ಹೊಳೆ ಅಂಚಿಗೆ ಒಂದು ತೊಗರಿ ಕಾಳು ಇಡಿ. ಅದು ಫ್ರೆಂಚ್ ಕಾವಲುಗಾರ. ಕೆನ್ನೆಯನ್ನು ಮೇಜಿಗೆ ತಾಗಿಸಿ, ಆ ಕಾಳಿನ ಎತ್ತರಕ್ಕೆ ಕಣ್ಣು ತಂದು ಬಲಕ್ಕೆ ನೋಡಿ. ಮೊಣಕೈ ದಾಟಿದ ಮೇಲಿನ ನೀರು ಕಾಣುತ್ತದಾ? ಕಾಣುವುದಿಲ್ಲ, ಗುಡ್ಡೆ ಅಡ್ಡ. ಭಾವನ ಪ್ರಶ್ನೆಗೆ ಉತ್ತರ ಅಷ್ಟೇ. ರವೆಯನ್ನು ಆಮೇಲೆ ಜರಡಿ ಹಿಡಿದು ಉಪ್ಪಿಟ್ಟು ಮಾಡಿಕೊಳ್ಳಿ.

ಇನ್ನು ನಡಿಗೆ. ಸೋಮವಾರ ಬೇಡ, ಭಾನುವಾರವೂ ಬೇಡ. ಕಾರಣ ಮುಂದೆ ಬರುತ್ತದೆ. ರಬ್ಬರ್ ಅಟ್ಟೆಯ ಶೂ ಹಾಕಿಕೊಳ್ಳಿ. ಈ ಊರಿನ ಕಲ್ಲು ಹಾಸು ಕಾಲಿಗೆ ಸವೆದು ನುಣ್ಣಗಾಗಿದೆ. ಒಂದು ಹನಿ ಮಳೆ ಬಿದ್ದರೆ ಸಾಬೂನು ಹಚ್ಚಿದಂತೆ ಜಾರುತ್ತದೆ. ನನ್ನ ಅತ್ತೆ ಚಪ್ಪಲಿಯಲ್ಲೇ ಬರ್ತೀನಿ ಅಂದು ಬಂದವರು, ಅರ್ಧ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿದರು. ನೀರಿನ ಬಾಟಲಿ ಇರಲಿ. ಬೆಳಗ್ಗೆ ಒಂಬತ್ತಕ್ಕೆ ಹೊರಡಿ. ದಾಟಿದ್ದೂ ಬೆಳಗ್ಗೆಯೇ, ಬೆಳಕು ಹೆಚ್ಚುಕಡಿಮೆ ಅದೇ ಕೋನದಲ್ಲಿ ಬೀಳುತ್ತದೆ.

ಸಾಂವ್ ಬೆಂತು ನಿಲ್ದಾಣದಿಂದ ಹಳದಿ ಲೈನಿನ ಮೆಟ್ರೊ ಹತ್ತಿ. ಒಂದೇ ಸ್ಟಾಪು. ರೈಲು ನೇರ ಅದೇ ಕಬ್ಬಿಣದ ಸೇತುವೆಯ, ಅಂದರೆ ಲುಯಿಸ್ ಸೇತುವೆಯ, ಮೇಲಿನ ಅಂತಸ್ತಿನಲ್ಲಿ ಹೊಳೆ ದಾಟಿಸುತ್ತದೆ. ಈ ಸೇತುವೆ ಓಡಾಟಕ್ಕೆ ತೆರೆದದ್ದು 1886ರಲ್ಲಿ, ಅಂದರೆ ಯುದ್ಧ ಮುಗಿದು 77 ವರ್ಷಕ್ಕೆ. ಆ ಗೈಡ್ ಮಾತು ನೆನಪಾದಾಗಲೆಲ್ಲ ನನಗೆ ಈ ಲೆಕ್ಕವೂ ನೆನಪಾಗುತ್ತದೆ. ಜಾರ್ದಿಂ ದು ಮೊರ್ರು ಸ್ಟಾಪಿನಲ್ಲಿ ಇಳಿಯಿರಿ. ಎಡಗಡೆ ಗುಡ್ಡದ ಮೇಲೆ ದುಂಡನೆಯ ಚರ್ಚು ಕಾಣುತ್ತದೆ. ಅದೇ ಸೆರಾ ದು ಪಿಲಾರ್ ಮಠ. ಐದು ನಿಮಿಷದ ಏರು.

ಮೇಲಿನ ಅಂಗಳದಲ್ಲಿ ಎಲ್ಲರೂ ಎಡಕ್ಕೆ ನಿಂತು ಊರಿನ ಫೋಟೋ ಹೊಡೆಯುತ್ತಾರೆ. ನೀವೂ ಹೊಡೆದುಕೊಳ್ಳಿ, ಆಮೇಲೆ ಬಲಕ್ಕೆ ಸರಿಯಿರಿ. ಆ ಬೆಳಗ್ಗೆ ವೆಲ್ಲೆಸ್ಲಿ ನಿಂತದ್ದು ಈ ಗುಡ್ಡದ ಮೇಲೆ. ಮಠದ ತೋಟದಲ್ಲಿ 18 ಫಿರಂಗಿಗಳನ್ನು ಮರೆಯಾಗಿ ಇಡಿಸಿದ್ದ. ಸೈನ್ಯ ಗುಡ್ಡದ ಹಿಂದೆ ಅಡಗಿತ್ತು. ಬಲಕ್ಕೆ, ಹೊಳೆಯ ಮೇಲ್ಗಡೆ, ಕಾಂಕ್ರೀಟಿನ ತೆಳ್ಳನೆ ಸೇತುವೆ ಕಾಣುತ್ತದೆ. ಅದರ ಆಚೆ, ಬಂಡೆಯ ನೆತ್ತಿಯ ಮೇಲೆ ಒಂದು ದೊಡ್ಡ ಕಟ್ಟಡ. ಅವತ್ತು ಅದು ಬಿಷಪ್‌ರ ಸೆಮಿನರಿ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ. ಕಟ್ಟಡ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಸುತ್ತ ಎತ್ತರದ ಗೋಡೆ, ಗೋಡೆಯ ಎರಡು ತುದಿಗಳು ನೀರಿನವರೆಗೆ ಇಳಿದಿದ್ದವು. ಊರಿನ ಕಡೆಗೆ ಇದ್ದದ್ದು ಒಂದು ಕಬ್ಬಿಣದ ಗೇಟು ಮಾತ್ರ. ಕಾವಲಿಗೆ ಒಬ್ಬ ಫ್ರೆಂಚ್ ಸಿಪಾಯಿಯೂ ಇರಲಿಲ್ಲ.

ಇಲ್ಲಿ ಹತ್ತು ನಿಮಿಷ ನಿಲ್ಲಿ, ಅವಸರ ಬೇಡ. ವೆಲ್ಲೆಸ್ಲಿಗೆ ಕಾಣುತ್ತಿದ್ದದ್ದೆಲ್ಲ ನಿಮಗೂ ಕಾಣುತ್ತದೆ. ಖಾಲಿ ಕಟ್ಟಡ, ಮರೆಯಾದ ತಿರುವು, ಗೇಟಿನ ಪಕ್ಕದ ಬಯಲು. ಫಿರಂಗಿಗೆ ಏನೂ ದೂರವಲ್ಲ. ಎಲ್ಲಾ ಇತ್ತು, ದೋಣಿ ಒಂದು ಬಿಟ್ಟು.

ದೋಣಿ ತಂದುಕೊಟ್ಟವನು ಒಬ್ಬ ಕ್ಷೌರಿಕ. ಅವನು ಹಿಂದಿನ ರಾತ್ರಿ ಪೋರ್ಟೊದಿಂದ ಸಣ್ಣ ದೋಣಿಯಲ್ಲಿ ಕದ್ದು ಈಚೆ ಬಂದಿದ್ದ. ದೋಣಿಯನ್ನು ಪೊದೆಯಲ್ಲಿ ಬಚ್ಚಿಟ್ಟಿದ್ದ. ಕರ್ನಲ್ ವಾಟರ್ಸ್ ಅನ್ನುವ ಅಧಿಕಾರಿ ಹೊಳೆಯಂಚಿನಲ್ಲಿ ತಡಕಾಡುತ್ತಿದ್ದಾಗ ಇವನು ಸಿಕ್ಕ. ಎದುರು ದಂಡೆಯಲ್ಲಿ ವೈನ್ ಸಾಗಿಸುವ ದೊಡ್ಡ ದೋಣಿಗಳು ಕಾವಲಿಲ್ಲದೆ ನಿಂತಿವೆ ಅಂದ. ಅಮರಾಂತೆ ಅನ್ನುವ ಊರಿನ ಪಾದ್ರಿಯೊಬ್ಬರು ಅಲ್ಲೇ ಇದ್ದು ಹಳ್ಳಿಯವರನ್ನು ಒಪ್ಪಿಸಿದರು. ವಾಟರ್ಸ್, ಕ್ಷೌರಿಕ, ನಾಲ್ಕಾರು ರೈತರು ಆ ಪುಟ್ಟ ದೋಣಿಯಲ್ಲಿ ಹೋಗಿ, ಹಾಡುಹಗಲೇ ನಾಲ್ಕು ವೈನ್ ದೋಣಿಗಳನ್ನು ಈಚೆಗೆ ತಂದರು.

ವಾಟರ್ಸ್ ಹೆಸರು ಎಲ್ಲಾ ಪುಸ್ತಕದಲ್ಲಿದೆ. ಆ ಮನುಷ್ಯ ಮಾತ್ರ ಬರೀ "ಕ್ಷೌರಿಕ". ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ನಮ್ಮಲ್ಲಿ ಸುಮ್ನೆ ಹೇಳಿಲ್ಲ ನೋಡಿ.

ನನಗೆ ಈ ಜಾಗದ ಹುಚ್ಚು ಹಿಡಿಯಲು ಇನ್ನೊಂದು ಕಾರಣವಿದೆ. ನಮ್ಮೂರು ಮುನವಳ್ಳಿ. ಸವದತ್ತಿ ತಾಲೂಕು, ಮಲಪ್ರಭಾ ದಂಡೆ. ಇದೇ ವೆಲ್ಲೆಸ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದವನು. 1800ರಲ್ಲಿ ಬಂಡಾಯಗಾರ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ನಮ್ಮ ಕಡೆ ಬಂದ. ಜುಲೈ 30ಕ್ಕೆ ನಮ್ಮೂರ ಹೊಳೆ ದಂಡೆಯಲ್ಲಿದ್ದ ಧೋಂಡಿಯಾನ ಬಿಡಾರದ ಮೇಲೆ ಬಿದ್ದ. ಮುಂಗಾರಿನ ಹೊಳೆ ತುಂಬಿ ಹರಿಯುವ ಕಾಲ. ಎಷ್ಟೋ ಜನ, ಕುದುರೆ, ಎತ್ತು ನೀರಿಗೆ ಬಿದ್ದು ಹೋದವು. ಧೋಂಡಿಯಾನ ಫಿರಂಗಿಗಳು ಆಗಲೇ ಆಚೆ ದಂಡೆ ಸೇರಿದ್ದವು. ದಾಟಲು ವೆಲ್ಲೆಸ್ಲಿಯ ಹತ್ತಿರ ದೋಣಿ ಇರಲಿಲ್ಲ. ಧೋಂಡಿಯಾ ಸತ್ತದ್ದು ಸೆಪ್ಟೆಂಬರ್ 10ಕ್ಕೆ, ಕೋನಗಲ್ ಹತ್ತಿರ.

ನವಿಲುತೀರ್ಥದ ಅಣೆಕಟ್ಟು ಬರುವ ಮೊದಲು ಮಳೆಗಾಲದಲ್ಲಿ ಆಚೆ ದಂಡೆಗೆ ಹೋಗಬೇಕಾದರೆ ಹರಿಗೋಲೇ ಗತಿ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಬಿದಿರಿನ ಬುಟ್ಟಿ, ಹೊರಗೆ ಚರ್ಮ. ಮುಂದೆ 1803ರಲ್ಲಿ ಮರಾಠರ ಮೇಲೆ ಹೊರಟಾಗ ವೆಲ್ಲೆಸ್ಲಿ ಹೊಳೆ ದಾಟಲು ಮೊದಲೇ ಹರಿಗೋಲು ಮಾಡಿಸಿಡಲು ಹೇಳಿ ಕಳಿಸಿದ. ಅದೇ ವರ್ಷ ಅಸ್ಸಾಯೆಯಲ್ಲಿ, ಹೊಳೆಯ ಎರಡು ದಂಡೆಗೂ ಎದುರುಬದುರಾಗಿ ಎರಡು ಹಳ್ಳಿ ಕಂಡ. ಎದುರುಬದುರು ಹಳ್ಳಿ ಇದ್ದ ಮೇಲೆ ನಡುವೆ ದಾಟುವ ಜಾಗ ಇರಲೇಬೇಕು ಅಂದ. ಇತ್ತು. ಹೊಳೆ ಕಂಡರೆ ಮೊದಲು ದಾಟಿಸುವವನನ್ನು ಹುಡುಕು ಅನ್ನೋದನ್ನು ಅವನು ಕಲಿತದ್ದು ನಮ್ಮ ಹೊಳೆಗಳ ಮೇಲೆ ಅಂತ ನನ್ನ ಲೆಕ್ಕ. ಭಾವ ಇದನ್ನು ಅರ್ಧ ಒಪ್ಪುತ್ತಾರೆ.

ಸರಿ, ಗುಡ್ಡ ಇಳಿಯಿರಿ. ಪೂರ್ವಕ್ಕೆ ನಡೆದರೆ ಹತ್ತು ನಿಮಿಷದಲ್ಲಿ ಇನ್ಫಾಂತೆ ಸೇತುವೆ ಸಿಗುತ್ತದೆ. 2003ರದ್ದು, ಕಮಾನು 280 ಮೀಟರ್. ಪಕ್ಕದಲ್ಲಿ ನಡೆಯುವ ದಾರಿ ಇದೆ. ಹೊಳೆಯ ಮೇಲ್ಗಡೆಗೆ ಮುಖವಿರುವ ಪಕ್ಕದಲ್ಲೇ ನಡೆಯಿರಿ, ಅಂದರೆ ಗಾಯಾದಿಂದ ಹೊರಟಾಗ ಬಲಗಡೆ. ಗಾಳಿ ಜೋರು, ಟೋಪಿ ಹಿಡಿದುಕೊಳ್ಳಿ. ನಡುಮಧ್ಯೆ ನಿಂತರೆ ಅವತ್ತು ಸೈನ್ಯ ದಾಟಿದ ನೀರಿನ ಹತ್ತಿರವೇ, ಆದರೆ ತುಂಬಾ ಎತ್ತರದಲ್ಲಿ ಇರುತ್ತೀರಿ. ಎದುರಿಗೆ ಇನ್ನೊಂದು ಹಳೇ ಕಬ್ಬಿಣದ ಕಮಾನು ಕಾಣುತ್ತದೆ. ಅದು ಮರಿಯಾ ಪಿಯಾ ರೈಲು ಸೇತುವೆ, 1877ರದ್ದು, ಐಫೆಲ್ ಕಂಪನಿ ಕಟ್ಟಿದ್ದು. 1991ರಿಂದ ಅದರ ಮೇಲೆ ರೈಲು ಓಡುವುದಿಲ್ಲ. ಈ ಎರಡು ಸೇತುವೆಗಳ ನಡುವಿನ ನೀರೇ ನಮಗೆ ಬೇಕಾದದ್ದು.

ಇಲ್ಲಿ ಮೊಬೈಲಿನಲ್ಲಿ ಟೈಮರ್ ಹಾಕಿ, ಕೆಳಗೆ ಪ್ರವಾಸಿ ದೋಣಿ ಬರುವವರೆಗೆ ಕಾಯಿರಿ. ದೋಣಿ ಬಂದಾಗ ಅದರ ಗಾತ್ರ ನೋಡಿ. ಮೊದಲ ವೈನ್ ದೋಣಿಯಲ್ಲಿ ದಾಟಿದ್ದು ಒಬ್ಬ ಅಧಿಕಾರಿ, 25 ಸಿಪಾಯಿಗಳು. ಬಫ್ಸ್ ಅಂತ ಕರೆಯುತ್ತಿದ್ದ 3ನೇ ಕಾಲಾಳು ರೆಜಿಮೆಂಟಿನವರು. ದೋಣಿಗೆ ಮೂವತ್ತು ಜನ ಅಂದುಕೊಳ್ಳಿ. ನಾಲ್ಕು ದೋಣಿಗೆ ನೂರಿಪ್ಪತ್ತು. ಆರುನೂರು ಜನ ದಾಟಬೇಕಾದರೆ ಐದು ಸಲ ಹೋಗಿ ಬರಬೇಕು. ಹುಟ್ಟು ಹಾಕಿ ಇಷ್ಟು ಅಗಲ ದಾಟಿ, ಇಳಿಸಿ, ತಿರುಗಿ ಬರಲು ಎಷ್ಟು ನಿಮಿಷ? ನೀವೇ ಗುಣಿಸಿ. ಅಷ್ಟು ಹೊತ್ತೂ ಒಬ್ಬ ಫ್ರೆಂಚನೂ ಈ ತಿರುವಿನಲ್ಲಿ ಇಣುಕಬಾರದು. ಮೊದಲ ದೋಣಿ ಹೊರಟಾಗ ಗುಡ್ಡದ ಮೇಲೆ ನಿಂತವರ ಎದೆ ಹೇಗೆ ಹೊಡೆದುಕೊಂಡಿರಬೇಕು ಅನ್ನೋದು ನನಗೆ ತಿಳಿದದ್ದು ಈ ಲೆಕ್ಕ ಹಾಕಿದ ಮೇಲೆ. ಯಾವ ಮ್ಯಾಪ್ ನೋಡಿದರೂ ಅದು ತಿಳಿಯಲ್ಲ.

ಒಂದು ಎಚ್ಚರಿಕೆ. ಇವತ್ತಿನ ನೀರು ಅವತ್ತಿನ ನೀರಲ್ಲ. ಮೇಲೆ ಕ್ರೆಸ್ತುಮಾದಲ್ಲಿ ಅಣೆಕಟ್ಟಿದೆ, ಹೊಳೆ ಈಗ ಸಾಧು. ಆದರೆ ಸಮುದ್ರ ಹತ್ತಿರ, ಉಬ್ಬರ ಇಳಿತ ಇಲ್ಲಿಯವರೆಗೂ ಬರುತ್ತದೆ. ಇಳಿತದ ಹೊತ್ತಿಗೆ ಬಂದರೆ ಬಂಡೆಯ ಬುಡದ ಕಪ್ಪು ಗೆರೆ ಕಾಣುತ್ತದೆ.

ಸೇತುವೆ ದಾಟಿ ಫೊಂತೈನ್ಯಾಸ್ ಕಡೆಯಿಂದ ಬಲಕ್ಕೆ ಹೋಗಿ. ಹೊಳೆ ಯಾವಾಗಲೂ ಬಲಗಡೆ ಇರಲಿ. ಹತ್ತು ಹದಿನೈದು ನಿಮಿಷದಲ್ಲಿ ಪಾದ್ರೆ ಬಾಲ್ತಜಾರ್ ಗೆದೆಸ್ ಚೌಕ ಸಿಗುತ್ತದೆ. ಸೆಮಿನರಿಯ ಜಾಗ ಇದೇ. ಕಟ್ಟಡ ತುಂಬಾ ಬದಲಾಗಿದೆ, ಈಗ ಶಾಲೆ ನಡೆಯುತ್ತದೆ. ಒಳಗೆ ಹೋಗುತ್ತೇನೆ ಅಂತ ಹಟ ಮಾಡಬೇಡಿ, ಮಕ್ಕಳು ಓದುವ ಜಾಗ. ಹೊರಗಿನಿಂದಲೇ ಕೆಲಸ ಆಗುತ್ತದೆ.

ಹೊಳೆಗೆ ಬೆನ್ನು ಹಾಕಿ ಊರಿನ ಕಡೆ ನೋಡಿ. ಹತ್ತೂವರೆ ಹನ್ನೊಂದರ ಸುಮಾರಿಗೆ ಜನರಲ್ ಫುವಾ ಅನ್ನುವ ಫ್ರೆಂಚನಿಗೆ ಕೆಂಪು ಕೋಟುಗಳು ಕಣ್ಣಿಗೆ ಬಿದ್ದವು. ಅವನು ಕೈಗೆ ಸಿಕ್ಕ ತುಕಡಿ ತೆಗೆದುಕೊಂಡು ಗೇಟಿನ ಮೇಲೆ ಬಿದ್ದ. ಅಷ್ಟರಲ್ಲಿ ಬಫ್ಸ್ ಪೂರ್ತಿ ಒಳಗಿದ್ದರು, ಗೋಡೆಯ ಹಿಂದೆ, ಕಿಟಕಿಯಲ್ಲಿ, ಮಾಳಿಗೆಯ ಮೇಲೆ. ಈಗ ತಿರುಗಿ ಎದುರಿನ ಸೆರಾ ಗುಡ್ಡ ನೋಡಿ. ಎಷ್ಟು ಹತ್ತಿರ ಅಲ್ವಾ? ಫ್ರೆಂಚರು ಒಂದು ಫಿರಂಗಿ ಎಳೆದು ತಂದು ಗುರಿ ಇಡುವಷ್ಟರಲ್ಲಿ ಅಲ್ಲಿಂದ ಬಂದ ಮೊದಲ ಗುಂಡೇ ಅದರ ಹತ್ತಿರ ಸಿಡಿಯಿತು. ಅದು ಶ್ರಾಪ್ನೆಲ್, ಗಾಳಿಯಲ್ಲಿ ಒಡೆದು ಸಣ್ಣ ಗುಂಡು ಚೆಲ್ಲುವಂಥದ್ದು. ಫಿರಂಗಿ ಹತ್ತಿರ ನಿಂತಿದ್ದವರೆಲ್ಲ ಬಿದ್ದರು. ಗೋಡೆಯ ಪಶ್ಚಿಮದ ಬಯಲಿನಲ್ಲಿ ಯಾರು ಬಂದರೂ ಅದೇ ಗತಿ. ಗೇಟಿನ ಕಡೆಯಿಂದ ಮಾತ್ರ ಬರಬಹುದಿತ್ತು.

ಒಳಗಿನವರಿಗೆ ಸುಖವೇನೂ ಇರಲಿಲ್ಲ. ಮೊದಲು ಅಧಿಕಾರ ವಹಿಸಿದ್ದ ಬ್ರಿಟಿಷ್ ಜನರಲ್ ಪ್ಯಾಜೆಟ್‌ನ ಕೈಗೆ ಗುಂಡು ಬಿತ್ತು, ಕೈ ಕತ್ತರಿಸಬೇಕಾಯಿತು. ಹಿಲ್ ಅನ್ನುವ ಇನ್ನೊಬ್ಬ ಜನರಲ್ ಜವಾಬ್ದಾರಿ ತೆಗೆದುಕೊಂಡ. ಕೆಳಗೆ ದೋಣಿಗಳು ನಿಲ್ಲದೆ ಓಡಾಡುತ್ತಿದ್ದವು. 48 ಮತ್ತು 66ನೇ ರೆಜಿಮೆಂಟಿನವರೂ ಬಂದು ಸೇರಿದರು.

ಇಲ್ಲಿಂದ ಹಿಂದಕ್ಕೆ ಫೊಂತೈನ್ಯಾಸ್‌ಗೆ ಬನ್ನಿ. ಹಸಿವಾಗಿರುತ್ತದೆ. ಸಣ್ಣ ಅಂಗಡಿಗಳಲ್ಲಿ ಕಾಲ್ದು ವೆರ್ದೆ ಅಂತ ಸೊಪ್ಪು, ಆಲೂಗಡ್ಡೆಯ ಸಾರು ಸಿಗುತ್ತದೆ. ನೋಡಲು ನಮ್ಮ ಮಸೊಪ್ಪಿನ ತಂಗಿಯಂತೆ ಇರುತ್ತದೆ. ನಂಬಬೇಡಿ, ತಳದಲ್ಲಿ ಹಂದಿ ಮಾಂಸದ ತುಂಡು ಇಟ್ಟಿರುತ್ತಾರೆ. ತಿನ್ನದವರು ಮೊದಲೇ "ಸೇಂ ಶೊರೀಸು" ಅನ್ನಿ. ಅಷ್ಟು ಹೇಳಿದರೂ ಸಾರು ಕುದಿಸುವಾಗಲೇ ಹಾಕಿರಬಹುದು. ಹಾಗಾಗಿ ನಮ್ಮ ಮನೆಯವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊರಡುತ್ತಾರೆ.

ಈಗ ಗಿಂದಾಯ್ಸ್ ಮೆಟ್ಟಿಲುಗಳಲ್ಲಿ ರಿಬೈರಾಕ್ಕೆ ಇಳಿಯಿರಿ. ಮೊಣಕಾಲು ನೋವಿದ್ದವರಿಗೆ ಪಕ್ಕದಲ್ಲೇ ಫುನಿಕುಲಾರ್, ಅಂದರೆ ಹಗ್ಗ ಎಳೆಯುವ ಇಳಿಜಾರಿನ ರೈಲು, ಇದೆ. ಮೆಟ್ಟಿಲಿನ ಮೇಲೆ ಅರ್ಧಕ್ಕೆ ನಿಂತು ಎಡಕ್ಕೆ, ನೀವು ಬಂದ ಕಡೆ ನೋಡಿ. ರವೆ ತಟ್ಟೆಯ ತೊಗರಿ ಕಾಳು ಈಗ ನೀವೇ. ಕಾಣುವುದು ಗುಡ್ಡ, ಬಂಡೆ ಅಷ್ಟೇ.

ರಿಬೈರಾವನ್ನು ಕೊನೆಗೆ ಇಟ್ಟದ್ದು ಇದಕ್ಕೆ. ಇಲ್ಲಿ ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ದಂಡೆಯ ಗೋಡೆಯಲ್ಲಿ, ಸೇತುವೆಯಿಂದ ಸ್ವಲ್ಪ ಕೆಳಗೆ, ಕಂಚಿನ ಒಂದು ಫಲಕ ಇದೆ. ಅಲ್ಮೀನ್ಯಾಸ್ ದಾ ಪೊಂತೆ, ಅಂದರೆ ಸೇತುವೆಯ ಪುಟ್ಟ ಆತ್ಮಗಳು. ಜನರು ನೀರಿಗೆ ಬೀಳುತ್ತಿರುವ ಚಿತ್ರ. ಮುಂದೆ ಮೇಣದ ಬತ್ತಿ ಇರುತ್ತದೆ, ಕೆಲವು ಸಲ ಹೂವೂ ಇರುತ್ತದೆ. ಮಾರ್ಚ್ 29ಕ್ಕೆ ಸುಲ್ಟ್ ಊರೊಳಗೆ ನುಗ್ಗಿದಾಗ ಜನ ಹೆಂಗಸರು ಮಕ್ಕಳೊಂದಿಗೆ ತೇಲು ಸೇತುವೆಯ ಮೇಲೆ ಓಡಿದರು. ಸೇತುವೆ ಭಾರ ತಡೆಯಲಿಲ್ಲ. ಹಿಂದಿನಿಂದ ತಳ್ಳುವವರಿಗೆ ಮುಂದೆ ಏನಾಗಿದೆ ಅಂತ ಗೊತ್ತಿರಲಿಲ್ಲ. ನಾಲ್ಕು ಸಾವಿರ ಜನ ಹೋದರು ಅಂತ ಊರಿನ ಮಾತು. ಫಲಕವನ್ನು ಮಾಡಿಟ್ಟದ್ದು 1897ರಲ್ಲಿ.

ನನ್ನ ಅತ್ತೆ ಇಲ್ಲಿ ಒಂದು ಬತ್ತಿ ಹಚ್ಚಿದರು. ಎರಡು ಸಲ ಗಾಳಿಗೆ ಆರಿತು. ಪಕ್ಕದಲ್ಲಿ ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಮುದುಕಿ ಬಂದು, ಮಾತಾಡದೆ ಅತ್ತೆಯ ಕೈಗೆ ತನ್ನ ಕೈ ಅಡ್ಡ ಹಿಡಿದಳು. ಮೂರನೇ ಸಲ ಹತ್ತಿತು.

ಇನ್ನೊಂದು ಸಂಗತಿ ಆರು ವಾರದ ನಂತರದ್ದು, ಮೇ 12ರದ್ದು. ಸೆಮಿನರಿ ಕೈಗೆ ಬರದೆ ಇದ್ದಾಗ ಸುಲ್ಟ್ ಈ ದಂಡೆಯ ಕಾವಲಿನವರನ್ನೂ ಅಲ್ಲಿಗೆ ಕಳಿಸಿದ. ದಂಡೆ ಖಾಲಿಯಾಯಿತು. ಆದದ್ದೇ ತಡ, ಊರಿನ ಜನ ಮನೆಗಳಿಂದ ಹೊರಗೆ ಓಡಿ ಬಂದರು. ಕಟ್ಟಿ ಹಾಕಿದ್ದ ದೋಣಿಗಳನ್ನು ಬಿಚ್ಚಿ ಗಾಯಾ ಕಡೆ ಹುಟ್ಟು ಹಾಕಿದರು. ಅಲ್ಲಿ ಕಾಯುತ್ತಿದ್ದ ಬ್ರಿಟಿಷರ ಗಾರ್ಡ್ಸ್ ದಳ ಮತ್ತು 29ನೇ ರೆಜಿಮೆಂಟಿನವರು ಆ ದೋಣಿಗಳಲ್ಲಿ ಇಲ್ಲೇ ಇಳಿದರು. ಸುಲ್ಟ್‌ನ ಸೈನ್ಯ ಪೂರ್ವದ ದಾರಿ ಹಿಡಿದು ಓಡಿತು. ಅಂದರೆ ನನ್ನ ಗೈಡ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ರಿಬೈರಾದಲ್ಲೂ ದಾಟಿದರು, ಆದರೆ ಎರಡನೇ ಸಲ. ಮಾರ್ಚ್‌ನಲ್ಲಿ ಇದೇ ನೀರಿಗೆ ತಮ್ಮವರನ್ನು ಕೊಟ್ಟ ಜನ ದಾಟಿಸಿದರು. ಸೇತುವೆ ಕೆಳಗೆ ನಿಂತು ಇದನ್ನು ಹೇಳಿದರೆ ಭಾವನಂಥವರೂ ಒಂದು ನಿಮಿಷ ಸುಮ್ಮನಾಗುತ್ತಾರೆ.

ಎದುರು ಗಾಯಾ ದಂಡೆಯಲ್ಲಿ ರಬೇಲು ದೋಣಿಗಳು ಸಾಲಾಗಿ ನಿಂತಿರುತ್ತವೆ. ವೈನ್ ಪೀಪಾಯಿ ಸಾಗಿಸುತ್ತಿದ್ದ ಹಳೇ ಮಾದರಿಯವು. ಚಪ್ಪಟೆ ತಳ, ಹಿಂದೆ ಮರದ ಉದ್ದನೆ ಚುಕ್ಕಾಣಿ. ಈಗ ಅವು ವೈನ್ ಕಂಪನಿಗಳ ಜಾಹೀರಾತು. ಪುರುಸೊತ್ತಿದ್ದರೆ ಕೆಳ ಸೇತುವೆ ದಾಟಿ ಹತ್ತಿರದಿಂದ ನೋಡಿ. ಮೂವತ್ತು ಜನ ಬಂದೂಕು ಹಿಡಿದು ಕೂತರೆ ಎಷ್ಟು ಒತ್ತೊತ್ತಾಗಿರುತ್ತದೆ ಅನ್ನೋದು ತಿಳಿಯುತ್ತದೆ.

ಇನ್ನು ಊಟದ ಮನೆ. ಸುಲ್ಟ್ ಉಳಿದಿದ್ದದ್ದು ಕರಾಂಕಾಸ್ ಅರಮನೆಯಲ್ಲಿ. ಅವನು ಬಿಟ್ಟು ಓಡಿದ ಊಟವನ್ನು ಅವತ್ತು ವೆಲ್ಲೆಸ್ಲಿ ಉಂಡ ಅನ್ನುವ ಕಥೆ ಎಲ್ಲರ ಬಾಯಲ್ಲೂ ಇದೆ. ಈಗ ಅದು ಸೊವಾರೆಸ್ ದುಸ್ ರೈಸ್ ಮ್ಯೂಸಿಯಂ. ಸೋಮವಾರ ಬಾಗಿಲು ಹಾಕಿರುತ್ತದೆ. ನಾನು ಎರಡು ಸಲ ಸೋಮವಾರವೇ ಹೋಗಿ ಮುಚ್ಚಿದ ಬಾಗಿಲಿನ ಫೋಟೋ ತೆಗೆದುಕೊಂಡು ಬಂದವನು. ಕಾಲು ಸೋತಿದ್ದರೆ ಬಿಡಿ, ಯುದ್ಧ ತಿಳಿಯಲು ಇದೇನೂ ಬೇಕಾಗಿಲ್ಲ.

ಆ ದಿನದ ಲೆಕ್ಕ: ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಎಲ್ಲಾ ಸೇರಿ ಸುಮಾರು 120. ಫ್ರೆಂಚರಿಗೆ ಹೆಚ್ಚು ನಷ್ಟ, ಆಸ್ಪತ್ರೆಯಲ್ಲಿ ಬಿಟ್ಟುಹೋದ ರೋಗಿಗಳೂ ಸೆರೆ ಸಿಕ್ಕರು. ಅಮರಾಂತೆಯ ಸೇತುವೆ ಕೈತಪ್ಪಿದೆ ಅಂತ ದಾರಿಯಲ್ಲಿ ಗೊತ್ತಾದ ಮೇಲೆ ಸುಲ್ಟ್ ಫಿರಂಗಿಗಳನ್ನೆಲ್ಲ ಒಡೆದು ಹಾಕಿ, ಮಳೆಯಲ್ಲಿ ಬೆಟ್ಟದ ಕಾಲುದಾರಿ ಹಿಡಿದು ಸ್ಪೇನಿಗೆ ಪಾರಾದ. ವೆಲ್ಲೆಸ್ಲಿಗೆ ಅದೇ ವರ್ಷ ಸಿಕ್ಕ ಬಿರುದುಗಳಲ್ಲಿ ಹೊಳೆಯ ಹೆಸರೂ ಸೇರಿಕೊಂಡಿತು, ಬ್ಯಾರನ್ ಡೌರೋ.

ಸಮಯ ಇದ್ದವರು ಅವಿಂತೆಸ್‌ಗೂ ಹೋಗಬಹುದು. ಹೊಳೆಯ ಮೇಲ್ಗಡೆ, ಐದಾರು ಕಿಲೋಮೀಟರ್. ಅಲ್ಲಿ ಮರ್ರೆ ಎಂಬ ಜನರಲ್ ದಾಟಿ, ಓಡುವ ಫ್ರೆಂಚರ ದಾರಿಗೆ ಅಡ್ಡ ನಿಲ್ಲಬೇಕಿತ್ತು. ದಾಟಿದ. ಅಡ್ಡ ಮಾತ್ರ ನಿಲ್ಲಲಿಲ್ಲ, ಅವರು ಹಾದುಹೋಗುವುದನ್ನು ನೋಡುತ್ತಾ ನಿಂತ. 14ನೇ ಕುದುರೆ ದಳದ ಒಂದು ಸಣ್ಣ ಗುಂಪು ಮಾತ್ರ ಬೆನ್ನಟ್ಟಿ ಹೋಗಿ ಹೊಡೆದಾಡಿತು. ಅಲ್ಲಿ ನೋಡಲು ಜಾಸ್ತಿ ಏನಿಲ್ಲ.

ಅವಿಂತೆಸ್‌ನ ಹೆಸರು ಈಗ ಇರುವುದು ಬ್ರೆಡ್ಡಿನಿಂದ. ಬ್ರೋವಾ ದೆ ಅವಿಂತೆಸ್. ಮೆಕ್ಕೆಜೋಳ ಮತ್ತು ರೈ ಹಿಟ್ಟಿನದ್ದು, ಕಂದು ಬಣ್ಣ, ಇಟ್ಟಿಗೆಯಂತೆ ಭಾರ, ಸ್ವಲ್ಪ ಹುಳಿ. ಅಲ್ಲಿಯವರೆಗೆ ಹೋಗದವರಿಗೆ ಊರಿನ ನಡುವಿನ ಬೊಲ್ಯಾಂವ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಭಾನುವಾರ ಮುಚ್ಚಿರುತ್ತದೆ, ಅದಕ್ಕೇ ಆ ದಿನ ಬೇಡ ಅಂದದ್ದು. ತೆಳ್ಳಗೆ ಕತ್ತರಿಸಿಕೊಡಿ ಅಂತ ಕೇಳಿ, ಮನೆಯ ಚಾಕು ಅದಕ್ಕೆ ಬಗ್ಗುವುದಿಲ್ಲ. ಹೆಂಚಿನ ಮೇಲೆ ಎರಡೂ ಕಡೆ ಬಿಸಿ ಮಾಡಿ, ಶೇಂಗಾ ಚಟ್ನಿ ಮತ್ತು ಮೊಸರಿನ ಜೊತೆ ತಿನ್ನಿ. ಅತ್ತೆ ಊರಿಗೆ ವಾಪಸ್ ಹೋಗುವಾಗ ಎರಡು ಕಟ್ಟಿಸಿಕೊಂಡು ಹೋದರು. ಒಂಬತ್ತನೇ ದಿನಕ್ಕೂ ಕೆಟ್ಟಿರಲಿಲ್ಲವಂತೆ.